ಪರ್ವ–ಸಂಧಿಗಳನ್ನು ಗಣಕಕ್ಕೆ ಪರಿಚಯಿಸುವ ಬಗೆ

1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇಂದು ನೆಲೆಸಿರುವ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಿಂದ ಹೊರಟು, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿರುವ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯನ್ನು ಹಾದು, ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನದವರು ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದಿರುವ ನರಸಿಂಹರಾಜ ಕಾಲೊನಿಯವರೆಗೆ ನಡೆದುಹೋಗುವವನಿಗೆ, ಉದ್ಯೋಗದಿಂದ ನಿವೃತ್ತರಾದ ಮೇಲೆ ಗ್ರಂಥಸಂಪಾದನೆಯನ್ನೋ, ಕಾವ್ಯವ್ಯಾಖ್ಯಾನವನ್ನೋ, ತಮ್ಮ ಲೇಖನಗಳ ಸಂಕಲನವನ್ನೋ ಕೈಗೆತ್ತಿಕೊಂಡಿರುವ ಹಿರಿಯರೊಬ್ಬರಾದರೂ ಎದುರಾಗದೆ ಇರುವುದು ವಿರಳ. ಇವರಲ್ಲಿ ಅನೇಕರು ಈಗ ಬೆರಳಚ್ಚಿನ ಕೆಲಸವನ್ನು ಅನ್ಯರಿಗೆ ಒಪ್ಪಿಸದೆ ಸ್ವತಃ ಗಣಕದ ಮುಂದೆ ಕುಳಿತು ಮಾಡಿಕೊಳ್ಳುತ್ತಾರೆ. ಮತ್ತು ಇವರೆಲ್ಲರ ಬಾಯಿಂದಲೂ ಹೆಚ್ಚುಕಡಮೆ ಒಂದೇ ದೂರು ಕೇಳಿಬರುತ್ತದೆ. ಆರುನೂರು ಪುಟಗಳ ಕಡತದಲ್ಲಿ ಬೇಕಾದ ಭಾಗಕ್ಕೆ ತಟ್ಟನೆ ಹೋಗಲೆಂದು ಪರದೆಯ ಪಕ್ಕದಲ್ಲಿ ರೂಪರೇಖೆಯ ಅಂಕಣವೊಂದನ್ನು ತಂತ್ರಾಂಶದವರು ಒದಗಿಸಿದ್ದಾರೆಂದು ಕೇಳಿ, ಅದನ್ನು ಹುಡುಕಿ ತೆರೆದು ನೋಡಿದರೆ, ದಪ್ಪಕ್ಷರದಲ್ಲಿ, ಪುಟಮಧ್ಯದಲ್ಲಿ, ಕೆಳಗೆ ಗೆರೆಯನ್ನೂ ಎಳೆಸಿಕೊಂಡು ಮೆರೆಯುತ್ತಿರುವ ತಲೆಬರಹಗಳಲ್ಲಿ ಒಂದಾದರೂ ಅಲ್ಲಿ ಕಾಣುವುದಿಲ್ಲ, ಅಂಕಣ ಬರಿದಾಗಿರುತ್ತದೆ.

ಇದಕ್ಕೆ ಕಾರಣ ತೀರ ಸರಳವಾದುದು. ನಮ್ಮ ಕಣ್ಣು ತಲೆಬರಹವನ್ನು ಅದರ ಆಕಾರದಿಂದ ಗುರುತಿಸುತ್ತದೆ. ಗಣಕವಾದರೋ ಆಕಾರವನ್ನು ಲೆಕ್ಕಿಸುವುದೇ ಇಲ್ಲ. ಅರ್ಜಿಯ ಒಕ್ಕಣೆಯನ್ನು ಓದದೆ ಮೇಲಿನ ಮೊಹರನ್ನಷ್ಟೇ ನೋಡಿ ಕಡತವನ್ನು ಮುಂದಕ್ಕೆ ತಳ್ಳುವ ಗುಮಾಸ್ತನಂತೆ, ಅದು ಪ್ರತಿಯೊಂದು ಪ್ಯಾರಾಕ್ಕೂ ಅಂಟಿಕೊಂಡಿರುವ ಒಂದೇ ಒಂದು ಸಂಗತಿಯನ್ನು ಪರಿಶೀಲಿಸುತ್ತದೆ: ಇದರ ಸ್ತರ ಯಾವುದು? ಅಂದರೆ, ಇದು ಬರಿಯ ಪಠ್ಯವೋ, ಅಥವಾ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಯ ಶೀರ್ಷಿಕೆಯೋ? ಅಕ್ಷರವನ್ನು ಎಷ್ಟು ದಪ್ಪ ಮಾಡಿದರೂ ಸ್ತರವನ್ನು ನಾವಾಗಿ ಘೋಷಿಸದ ಹೊರತು ಆ ಪ್ಯಾರಾ ಗಣಕದ ದೃಷ್ಟಿಯಲ್ಲಿ ಸಾಮಾನ್ಯ ಪಠ್ಯವಾಗಿಯೇ ಉಳಿಯುತ್ತದೆ. ಇನ್ನು ಕೆಲವು ತಂತ್ರಾಂಶಗಳಲ್ಲಿ, ವಿಶೇಷವಾಗಿ ಅಲಂಕಾರರಹಿತವಾದ ಶುದ್ಧ ಪಠ್ಯವನ್ನು ತಿದ್ದುವಂಥವುಗಳಲ್ಲಿ, ಸ್ತರವನ್ನು ಹೇಳುವುದಕ್ಕೆ ಗುಂಡಿಗಳಿರುವುದಿಲ್ಲ. ಅಲ್ಲಿ ಸಾಲಿನ ಆದಿಯಲ್ಲಿರುವ ಒಂದು ಚಿಹ್ನೆಯೋ, ನಿಯತವಾದ ಒಂದು ಅಕ್ಷರವಿನ್ಯಾಸವೋ ಸ್ತರವನ್ನು ಸೂಚಿಸುತ್ತದೆ. ಘೋಷಣೆ ಮತ್ತು ವಿನ್ಯಾಸ, ಈ ಎರಡರ ಹೊರತು ಮೂರನೆಯ ಮಾರ್ಗವನ್ನು ನಾನು ಕಂಡಿಲ್ಲ.

ಕನ್ನಡದ ಗ್ರಂಥಕಾರನಿಗೆ ಇಲ್ಲಿ ವಿಶೇಷವಾದ ಒಂದು ತೊಡಕುಂಟು. ತಂತ್ರಾಂಶಗಳು ಹುಟ್ಟಿನಿಂದಲೇ ತಂದಿರುವ ಹೆಸರುಗಳು ‘ಹೆಡಿಂಗ್ 1’, ‘ಹೆಡಿಂಗ್ 2’ ಎಂಬಿವು ಮಾತ್ರ. ನಮ್ಮ ಸಾಹಿತ್ಯದಲ್ಲಿಯಾದರೋ ವಿಭಾಗಗಳ ಹೆಸರುಗಳಿಗೆ ಬರವಿಲ್ಲ. ಕವಿರಾಜಮಾರ್ಗಕ್ಕೆ 3 ಪರಿಚ್ಛೇದಗಳು; ಪಂಪನ ವಿಕ್ರಮಾರ್ಜುನ ವಿಜಯಕ್ಕೆ 14 ಆಶ್ವಾಸಗಳು, ಆದಿಪುರಾಣಕ್ಕೆ 16; ರಾಘವಾಂಕನ ಹರಿಶ್ಚಂದ್ರಕಾವ್ಯಕ್ಕೆ ಸ್ಥಲಗಳು; ಲಕ್ಷ್ಮೀಶನ ಜೈಮಿನಿ ಭಾರತಕ್ಕೆ 34 ಸಂಧಿಗಳು; ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂಗೆ 4 ಸಂಪುಟಗಳು, ಅವುಗಳೊಳಗೆ 50 ಸಂಚಿಕೆಗಳು. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯಂತೂ 10 ಪರ್ವಗಳಾಗಿ, 152 ಸಂಧಿಗಳಾಗಿ ಹರಡಿಕೊಂಡಿದೆ. ಅದರ ಸಂಧಿಗಳ ಆದಿಯಲ್ಲಿ, ಮುಂದೆ ಬರುವ ಕಥೆಯನ್ನು ಸಂಗ್ರಹವಾಗಿ ತಿಳಿಸುವ ‘ಸೂಚನೆ’ ಎಂಬ ಪದ್ಯಭಾಗ ಬೇರೆ ಇರುತ್ತದೆ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಸಂಜೆಯ ಗಮಕವಾಚನಕ್ಕೆ ಕುಳಿತುಕೊಳ್ಳುವವರು, ಕರ್ಣಪರ್ವದ ಇಪ್ಪತ್ತೇಳು ಸಂಧಿಗಳಲ್ಲಿ ಬೇಕಾದುದೊಂದನ್ನು ಕಡತದಲ್ಲಿ ಕ್ಷಣಮಾತ್ರದಲ್ಲಿ ತೆರೆಯಬೇಕೆಂದು ಬಯಸಿದರೆ ಅದು ಅತಿಯಾಸೆಯೇನೂ ಅಲ್ಲ. ಆದುದರಿಂದ ಈ ಮಹಾಕಾವ್ಯವನ್ನೇ ನಿದರ್ಶನವಾಗಿಟ್ಟುಕೊಂಡು ಪರ್ವ, ಸಂಧಿ, ಸೂಚನೆಗಳೆಂಬ ಮೂರು ಸ್ತರಗಳನ್ನು ಗಣಕಕ್ಕೆ ಪರಿಚಯಿಸುವ ಕ್ರಮವನ್ನು ವಿವರಿಸುತ್ತೇನೆ. ಇತರ ಗ್ರಂಥಗಳ ಸಂಪಾದಕರು ಹೆಸರುಗಳನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಮೊದಲು ಅತ್ಯಂತ ಪ್ರಚಲಿತವಾದ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಇದರಲ್ಲಿ ರೂಪರೇಖೆಯ ಅಂಕಣಕ್ಕೆ ‘ನ್ಯಾವಿಗೇಷನ್ ಪೇನ್’ ಎಂದು ಹೆಸರು. ‘ವ್ಯೂ’ ಪಟ್ಟಿಯಲ್ಲಿ ಅದರ ಮುಂದಿರುವ ಚೌಕಕ್ಕೆ ಗುರುತು ಹಾಕಿದರೆ ಪರದೆಯ ಎಡಭಾಗದಲ್ಲಿ ತೆರೆದುಕೊಳ್ಳುತ್ತದೆ. ಪರ್ವ ಎಂಬ ಹೆಸರಿನ ಶೈಲಿ (ರೂಪವನ್ನೂ ಸ್ತರವನ್ನೂ ಒಟ್ಟಿಗೆ ಹೊತ್ತಿರುವ ‘ಸ್ಟೈಲ್’) ತನಗೆ ಬೇಡ, ‘ಹೆಡಿಂಗ್ 1’ ಎಂಬುದೇ ಸಾಕು ಎನ್ನುವವನು ಶೀರ್ಷಿಕೆಯ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಲ್ಲಿಗೆ ಅವನ ಕೆಲಸ ಮುಗಿಯಿತು. ತನ್ನದೇ ಹೆಸರಿನ ಶೈಲಿ ಬೇಕೆನ್ನುವವನು (ನಾನು ಇದನ್ನೇ ಅನುಮೋದಿಸುತ್ತೇನೆ, ಏಕೆಂದರೆ ಮುಂದೆ ಮುದ್ರಣಕ್ಕೆ ಕೊಡುವಾಗ ‘ಸೂಚನೆ’ ಎಂಬ ಹೆಸರೇ ಪುಟವಿನ್ಯಾಸಕಾರನಿಗೆ ಸಂಗತಿಯನ್ನು ತಿಳಿಸುತ್ತದೆ) ಹೊಸ ಶೈಲಿಯೊಂದನ್ನು ಸೃಷ್ಟಿಸಿ ಅದಕ್ಕೆ ‘ಸಂಧಿ’ ಎಂದು ಹೆಸರಿಟ್ಟು, ಅದನ್ನು ಮಾರ್ಪಡಿಸುವ ಕಿಟಕಿಯಲ್ಲಿ ‘ಫಾರ್ಮ್ಯಾಟ್’ ಎಂಬ ಗುಂಡಿಯನ್ನು ಒತ್ತಿ, ‘ಪ್ಯಾರಾಗ್ರಾಫ್’ ಎಂಬುದನ್ನು ಆರಿಸಿದರೆ, ಅಲ್ಲಿ ‘ಔಟ್‌ಲೈನ್ ಲೆವೆಲ್’ ಎಂಬ ಸಣ್ಣ ಪಟ್ಟಿಯೊಂದು ಕಾಣುತ್ತದೆ. ಎಷ್ಟೋ ಮಂದಿ ವರ್ಷಗಟ್ಟಲೆ ಆ ಕಿಟಕಿಯನ್ನು ತೆರೆದು ಮುಚ್ಚುತ್ತಿದ್ದರೂ ಈ ಪಟ್ಟಿಯತ್ತ ಕಣ್ಣು ಹಾಯಿಸಿರುವುದಿಲ್ಲ. ಅದರಲ್ಲಿ ಮೊದಲಿಗೆ ‘ಬಾಡಿ ಟೆಕ್ಸ್ಟ್’ ಎಂದಿರುತ್ತದೆ. ಅದನ್ನು ತೆಗೆದು ‘ಲೆವೆಲ್ 2’ ಎಂದು ಮಾಡಿದ ಕ್ಷಣದಿಂದ ‘ಸಂಧಿ’ ಶೈಲಿಯನ್ನು ಧರಿಸಿದ ಪ್ರತಿಯೊಂದು ಪ್ಯಾರಾವೂ ರೂಪರೇಖೆಯಲ್ಲಿ ಬಂದು ಕೂರುತ್ತದೆ. ಪರ್ವಕ್ಕೆ ಲೆವೆಲ್ 1, ಸೂಚನೆಗೆ ಲೆವೆಲ್ 3. ಒಟ್ಟು ಒಂಬತ್ತು ಸ್ತರಗಳವರೆಗೆ ಅವಕಾಶವಿದೆ. ಒಂಬತ್ತನ್ನೂ ಬಳಸಬೇಕಾದ ಗ್ರಂಥವನ್ನು ಬರೆಯದಿರುವುದು ಲೇಸು.

ಇಷ್ಟು ಮಾಡಿದ ಮೇಲೂ ಕೆಲವು ಶೀರ್ಷಿಕೆಗಳು ಅಂಕಣದಲ್ಲಿ ಕಾಣದೆ ಹೋದರೆ, ಅವು ಕೋಷ್ಟಕದೊಳಗೋ, ‘ಟೆಕ್ಸ್ಟ್ ಬಾಕ್ಸ್’ ಎಂಬ ಚೌಕಟ್ಟಿನೊಳಗೋ ಸಿಕ್ಕಿಕೊಂಡಿವೆಯೇ ಎಂಬುದನ್ನು ನೋಡತಕ್ಕದ್ದು. ವರ್ಡ್ ತಂತ್ರಾಂಶವು ಅಂಥವುಗಳನ್ನು ನ್ಯಾವಿಗೇಷನ್ ಪೇನ್‌ನಲ್ಲಿ ತೋರಿಸುವುದಿಲ್ಲ. ಪರ್ವದ ಹೆಸರಿನ ಸುತ್ತ ಅಂಚುಬಳ್ಳಿ ಬಿಡಿಸಲೆಂದು ಅದನ್ನು ಚೌಕಟ್ಟಿಗೆ ಸೇರಿಸುವ ಅಭ್ಯಾಸ ನಮ್ಮ ಆಮಂತ್ರಣಪತ್ರಿಕೆಗಳಿಂದ ಪುಸ್ತಕಗಳಿಗೂ ದಾಟಿರುವುದರಿಂದ ಈ ಮಾತನ್ನು ಎತ್ತಿ ಹೇಳಬೇಕಾಯಿತು. ಹಾಗೆಯೇ ‘ಎರಡನೆಯ ಸಂಧಿ’ ಎಂದು ಒಂದು ಸಾಲು, ಅದರ ಕೆಳಗೆ ಕಥಾಭಾಗದ ಹೆಸರು ಇನ್ನೊಂದು ಸಾಲು ಇರುವಲ್ಲಿ, ಎರಡರ ಮಧ್ಯೆ ಬರಿಯ ಎಂಟರ್ ಒತ್ತಿದರೆ ಅವು ಎರಡು ಪ್ಯಾರಾಗಳಾಗಿ ರೂಪರೇಖೆಯಲ್ಲಿಯೂ ಎರಡು ನಮೂದುಗಳಾಗುತ್ತವೆ. ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಸಾಲು ಮುರಿದರೂ ಪ್ಯಾರಾ ಒಂದೇ ಆಗಿ ಉಳಿದು, ನಮೂದೂ ಒಂದೇ ಆಗುತ್ತದೆ.

ಇಲ್ಲಿ ಕನ್ನಡಿಗರನ್ನು ಶೈಲಿಗಳಿಂದ ವಿಮುಖರನ್ನಾಗಿ ಮಾಡಿರುವ ಒಂದು ಕಾರಣವನ್ನೂ ಹೇಳಿಬಿಡಬೇಕು. ಶೈಲಿಯಲ್ಲಿ ಅಕ್ಷರದ ಗಾತ್ರವನ್ನು 18 ಎಂದು ಬದಲಿಸಿದರೂ ಕನ್ನಡದ ಶೀರ್ಷಿಕೆ ಇದ್ದಷ್ಟೇ ಗಾತ್ರದಲ್ಲಿ ನಿಂತಿರುವುದನ್ನು ಕಂಡು, ‘ಈ ಶೈಲಿಗಳೆಲ್ಲ ಇಂಗ್ಲಿಷಿಗೆ ಸರಿ, ನಮಗಲ್ಲ’ ಎಂದು ಬೇಸತ್ತು ಹಳೆಯ ದಪ್ಪಕ್ಷರಕ್ಕೆ ಮರಳಿದವರು ಅನೇಕರು. ವಸ್ತುಸ್ಥಿತಿ ಏನೆಂದರೆ, ಈ ತಂತ್ರಾಂಶಗಳು ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸಿ, ಅವುಗಳ ಅಕ್ಷರವಿನ್ಯಾಸಕ್ಕೂ ಗಾತ್ರಕ್ಕೂ ದಪ್ಪಕ್ಕೂ ಪ್ರತ್ಯೇಕವಾದ ಜಾಗವನ್ನು ಇಟ್ಟಿವೆ. ವರ್ಡ್‌ನ ಫಾಂಟ್ ಕಿಟಕಿಯಲ್ಲಿ ಅದು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಹೆಸರಿನಿಂದಲೂ, ಲಿಬ್ರೆಆಫೀಸ್‌ನಲ್ಲಿ ‘ಸಿಟಿಎಲ್ ಫಾಂಟ್’ ಎಂಬ ಹೆಸರಿನಿಂದಲೂ ಇರುತ್ತದೆ. ಗಾತ್ರವನ್ನು ಆ ಸ್ಥಳದಲ್ಲಿ ಬದಲಿಸಿದರೆ ಕನ್ನಡ ಶೀರ್ಷಿಕೆ ವಿಧೇಯವಾಗಿ ದೊಡ್ಡದಾಗುತ್ತದೆ.

ಲಿಬ್ರೆಆಫೀಸ್ ರೈಟರ್ ಎಂಬ ಉಚಿತ ತಂತ್ರಾಂಶದಲ್ಲಿ ಈ ವ್ಯವಸ್ಥೆ ಇನ್ನಷ್ಟು ಉದಾರವಾಗಿದೆ. ಎಫ್5 ಕೀಲಿಯನ್ನೊತ್ತಿದರೆ ‘ನ್ಯಾವಿಗೇಟರ್’, ಎಫ್11 ಒತ್ತಿದರೆ ಶೈಲಿಗಳ ಪಟ್ಟಿ. ‘ಸಂಧಿ’ ಎಂಬ ಪ್ಯಾರಾ ಶೈಲಿಯನ್ನು ಸೃಷ್ಟಿಸಿ, ಅದರ ಗುಣಗಳ ಕಿಟಕಿಯಲ್ಲಿ ‘ಔಟ್‌ಲೈನ್’ ಎಂಬ ಪದದಿಂದ ಆರಂಭವಾಗುವ ಪುಟಕ್ಕೆ ಹೋಗಿ ಸ್ತರವನ್ನು 2 ಎಂದು ನಿಗದಿ ಮಾಡಿದರೆ ಸಾಕು. ಹತ್ತು ಸ್ತರಗಳವರೆಗೆ ಇಲ್ಲಿ ಅವಕಾಶ. ಶೀರ್ಷಿಕೆಗಳಿಗೆ ಅಂಕೆಗಳೂ ತಾವಾಗಿಯೇ ಬರಬೇಕೆಂಬ ಅಪೇಕ್ಷೆಯಿದ್ದರೆ, ‘ಟೂಲ್ಸ್’ ಪಟ್ಟಿಯಲ್ಲಿರುವ ‘ಹೆಡಿಂಗ್ ನಂಬರಿಂಗ್’ (ಹಳೆಯ ಆವೃತ್ತಿಗಳಲ್ಲಿ ‘ಚಾಪ್ಟರ್ ನಂಬರಿಂಗ್’) ಎಂಬಲ್ಲಿ ಯಾವ ಸ್ತರಕ್ಕೆ ಯಾವ ಶೈಲಿ ಎಂಬುದನ್ನು ಹೊಂದಿಸಿಕೊಳ್ಳಬಹುದು. ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಹೊಸ ಹೆಸರಿನ ಶೈಲಿಯನ್ನು ಹುಟ್ಟಿಸಲಾಗದು, ಕೊಟ್ಟಿರುವ ಆರು ಹೆಡಿಂಗ್‌ಗಳ ರೂಪವನ್ನಷ್ಟೇ ತಮಗೊಪ್ಪುವಂತೆ ಬದಲಿಸಿಕೊಂಡು ತೃಪ್ತರಾಗಬೇಕು.

ನ್ಯಾವಿಗೇಟರ್‌ನ ನಿಜವಾದ ಪ್ರಯೋಜನ ಭಾಗದಿಂದ ಭಾಗಕ್ಕೆ ಹಾರುವುದರಲ್ಲಿಲ್ಲ, ಭಾಗಗಳನ್ನೇ ಸ್ಥಳಾಂತರಿಸುವುದರಲ್ಲಿದೆ. ಲೇಖನಗಳ ಸಂಕಲನದಲ್ಲಿ ಐದನೆಯ ಲೇಖನ ಎರಡನೆಯದಾಗಬೇಕೆಂದು ತೋರಿದರೆ, ಪಟ್ಟಿಯಲ್ಲಿ ಅದರ ಶೀರ್ಷಿಕೆಯನ್ನು ಮೇಲಕ್ಕೆ ಸರಿಸಿದಾಗ ಅದರಡಿಯ ಪಠ್ಯವೆಲ್ಲ ಒಟ್ಟಿಗೆ ಮೇಲಕ್ಕೆ ಹೋಗುತ್ತದೆ. ಆದರೆ ಈ ಸೌಕರ್ಯದೊಳಗೇ ಒಂದು ಅಪಾಯವೂ ಅಡಗಿದೆ. ತಲೆಬರಹಗಳನ್ನು ಗುರುತಿಸದೆ ಬಿಡುವುದರ ನಷ್ಟ ಎಷ್ಟೆಂಬುದು ಇಲ್ಲಿಯೇ ಗೋಚರವಾಗುವುದು. ಒಂದು ಶೀರ್ಷಿಕೆಯ ‘ಅಡಿಯ ಪಠ್ಯ’ ಎಂದರೆ ಗಣಕದ ಲೆಕ್ಕದಲ್ಲಿ, ಅದೇ ಸ್ತರದ ಅಥವಾ ಅದಕ್ಕಿಂತ ಮೇಲಿನ ಸ್ತರದ ಮುಂದಿನ ಶೀರ್ಷಿಕೆ ಬರುವವರೆಗಿನ ಸಮಸ್ತವೂ. ಐದನೆಯ ಲೇಖನದ ಬೆನ್ನಿಗೇ ಇರುವ ಆರನೆಯ ಲೇಖನದ ಶೀರ್ಷಿಕೆಗೆ ಬರಿಯ ದಪ್ಪಕ್ಷರವಿದ್ದು ಸ್ತರವಿಲ್ಲದಿದ್ದರೆ, ಆ ಲೇಖನವೂ ಐದನೆಯದರ ಅಂಗವೆಂದೇ ಗಣಿಸಲ್ಪಟ್ಟು ಅದರೊಡನೆ ಸದ್ದಿಲ್ಲದೆ ಸಾಗಿಹೋಗುತ್ತದೆ. ಸಂಪಾದಕನಿಗೆ ಇದು ಗೊತ್ತಾಗುವುದು ಕರಡಚ್ಚು ಕೈಗೆ ಬಂದಾಗ. ಆದುದರಿಂದ ಎಲ್ಲ ಶೀರ್ಷಿಕೆಗಳಿಗೂ ಸ್ತರ ಕೊಟ್ಟಾದ ಮೇಲೆಯೇ ಯಾವುದನ್ನಾದರೂ ಸರಿಸತಕ್ಕದ್ದು. ಅರ್ಧಂಬರ್ಧ ಗುರುತಿಸಿದ ಕಡತದಲ್ಲಿ ಸರಿಸುವ ಕೆಲಸವನ್ನು ಸರ್ವಥಾ ಮಾಡಬಾರದು.

ಈಗಾಗಲೇ ಬೆರಳಚ್ಚಾಗಿರುವ ಕಡತದಲ್ಲಿ ನೂರೈವತ್ತೆರಡು ಕಡೆ ಕೈಯಿಂದ ಶೈಲಿ ತೊಡಿಸುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯವೂ ಇದೆ. ವರ್ಡ್‌ನಲ್ಲಿ ಒಂದು ಶೀರ್ಷಿಕೆಯ ಮೇಲೆ ಕರ್ಸರ್ ಇಟ್ಟು, ‘ಹೋಮ್’ ಪಟ್ಟಿಯ ಕೊನೆಯಲ್ಲಿರುವ ‘ಸೆಲೆಕ್ಟ್’ ಎಂಬುದರೊಳಗೆ ಸದೃಶ ರೂಪದ ಪಠ್ಯವನ್ನೆಲ್ಲ ಆರಿಸುವ ಆಜ್ಞೆಯನ್ನು ಕೊಟ್ಟರೆ, ಅದೇ ಗಾತ್ರ, ಅದೇ ದಪ್ಪದ ಎಲ್ಲ ಶೀರ್ಷಿಕೆಗಳೂ ಒಟ್ಟಿಗೆ ಆಯ್ಕೆಯಾಗುತ್ತವೆ; ಆಗ ಶೈಲಿಯ ಹೆಸರನ್ನು ಒಮ್ಮೆ ಒತ್ತಿದರೆ ಆಯಿತು. ಬೆರಳಚ್ಚುಗಾರ ಶಿಸ್ತಿನವನಾಗಿದ್ದಲ್ಲಿ ಮಾತ್ರ ಈ ಉಪಾಯ ಫಲಿಸುತ್ತದೆ. ರೈಟರ್‌ನಲ್ಲಿ ರೂಪಕ್ಕಿಂತ ಪದವನ್ನೇ ಆಶ್ರಯಿಸುವುದು ಉತ್ತಮ. ಕಂಟ್ರೋಲ್ ಮತ್ತು ಎಚ್ ಒತ್ತಿ ಹುಡುಕುವ ಕಿಟಕಿಯನ್ನು ತೆರೆದು, ‘ರೆಗ್ಯುಲರ್ ಎಕ್ಸ್‌ಪ್ರೆಷನ್ಸ್’ ಎಂಬ ಚೌಕಕ್ಕೆ ಗುರುತು ಹಾಕಿ, ಹುಡುಕುವ ಪಠ್ಯವೆಂದು

^ಸಂಧಿ [0-9೦-೯]+ *$

ಎಂದು ಬರೆದು ‘ಫೈಂಡ್ ಆಲ್’ ಎಂದರೆ, ‘ಸಂಧಿ 7’ ಎಂಬಂಥ ಸಾಲುಗಳೆಲ್ಲ ಒಮ್ಮೆಗೇ ಆಯ್ಕೆಯಾಗುತ್ತವೆ. ಬಳಿಕ ಶೈಲಿಗಳ ಪಟ್ಟಿಯಲ್ಲಿ ‘ಸಂಧಿ’ಯ ಮೇಲೆ ಎರಡು ಬಾರಿ ಒತ್ತಿದರೆ ಎಲ್ಲಕ್ಕೂ ಸ್ತರ ಪ್ರಾಪ್ತವಾಗುತ್ತದೆ. ಮೊದಲಿನ ಮೊನೆಚಿಹ್ನೆ ‘ಪ್ಯಾರಾದ ಆದಿಯಲ್ಲಿ’ ಎಂದೂ, ಕೊನೆಯ ಡಾಲರ್ ಚಿಹ್ನೆ ‘ಪ್ಯಾರಾದ ಅಂತ್ಯದಲ್ಲಿ’ ಎಂದೂ ಅರ್ಥಕೊಡುತ್ತವೆ. ಅದರ ಹಿಂದಿನ ನಕ್ಷತ್ರ ಮತ್ತು ತೆರಪು, ಬೆರಳಚ್ಚುಗಾರ ಸಾಲಿನ ಕೊನೆಯಲ್ಲಿ ಅರಿಯದೆ ಬಿಟ್ಟಿರಬಹುದಾದ ಖಾಲಿ ಜಾಗಕ್ಕಾಗಿ. ಚೌಕ ಆವರಣದಲ್ಲಿ ಎರಡು ಬಗೆಯ ಅಂಕೆಗಳನ್ನೂ ಸೇರಿಸಿರುವುದನ್ನು ಗಮನಿಸಬೇಕು. ಬರಿಯ 0-9 ಎಂದರೆ ಕನ್ನಡದ ಅಂಕೆಗಳಿರುವ ಸಾಲುಗಳು ಕೈಬಿಟ್ಟುಹೋಗುತ್ತವೆ. ನಮ್ಮ ಮುದ್ರಿತ ಪ್ರತಿಗಳ ಸಂಪ್ರದಾಯದಂತೆ ‘ಹದಿನಾರನೆಯ ಸಂಧಿ’ ಎಂದಿದ್ದರೆ, ^[^ ]+ ಸಂಧಿ *$ ಎಂಬ ವಿನ್ಯಾಸ ಒಪ್ಪುತ್ತದೆ: ತೆರಪಿಲ್ಲದ ಒಂದು ಪದ, ಅನಂತರ ಸಂಧಿ, ಅನಂತರ ಏನೂ ಇಲ್ಲ. ಬರಿಯ ‘ಸಂಧಿ’ ಎಂದು ಹುಡುಕಿ ಶೈಲಿ ತೊಡಿಸಹೊರಟರೆ, ಶ್ರೀಕೃಷ್ಣ ಸಂಧಿಗಾಗಿ ಹಸ್ತಿನಾವತಿಗೆ ಬಂದ ಪ್ರಸಂಗದ ವ್ಯಾಖ್ಯಾನವೆಲ್ಲ ಶೀರ್ಷಿಕೆಯಾಗಿ ಎದ್ದು ನಿಲ್ಲುತ್ತದೆ.

ವಿನ್ಯಾಸ ಸರಿಯಾಗಿದ್ದೂ ಕೆಲವು ಸಾಲುಗಳು ಸಿಕ್ಕದೆ ಹೋಗುವುದುಂಟು. ಇಂಥಲ್ಲಿ ದೋಷ ಕಣ್ಣಿಗೆ ಕಾಣದ ಸ್ಥಳದಲ್ಲಿರುತ್ತದೆ. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡುವುದಕ್ಕೆ ಒಂದೇ ಆಗಿರುವುದರಿಂದ, ‘ಸಂಧಿ’ ಎನ್ನುವಲ್ಲಿ ‘ಸ೦ಧಿ’ ಎಂದು ಸೊನ್ನೆಯನ್ನೇ ಒತ್ತಿರುವ ಕಡತಗಳು ಲೆಕ್ಕವಿಲ್ಲದಷ್ಟು ಇವೆ. ಓದುವವನಿಗೆ ಅದು ಸಂಧಿಯೇ, ಗಣಕಕ್ಕಾದರೋ ಎರಡು ಅಕ್ಷರಗಳ ನಡುವೆ ಒಂದು ಅಂಕೆ. ‘ಪರ್ವ’ ಎಂಬಲ್ಲಿ ಅರ್ಕಾವೊತ್ತಿನ ಬದಲು ರಕಾರವನ್ನೇ ಪೂರ್ಣವಾಗಿ ಬರೆದು ‘ಪರ‍್ವ’ ಎಂದು ಮಾಡಲು ನಡುವೆ ಸೇರಿಸುವ ಅದೃಶ್ಯವಾದ ಜೋಡಕವೂ ಹೀಗೆಯೇ ಹುಡುಕಾಟವನ್ನು ಕೆಡಿಸುತ್ತದೆ. ಸೊನ್ನೆಯ ದೋಷಕ್ಕೆ ಪರಿಹಾರ ಸುಲಭ: ಮೊದಲು ಇಡೀ ಕಡತದಲ್ಲಿ ‘ಸ೦’ ಎಂಬುದನ್ನು ‘ಸಂ’ ಎಂದು ಬದಲಿಸಬೇಕು, ಹಾಗೆಯೇ ಶೀರ್ಷಿಕೆಗಳಲ್ಲಿ ಬರುವ ಇತರ ಅಕ್ಷರಗಳನ್ನೂ. ಆದರೆ ಸೊನ್ನೆಗಳನ್ನೆಲ್ಲ ಒಮ್ಮೆಗೇ ಅನುಸ್ವಾರ ಮಾಡಿಬಿಟ್ಟರೆ ಪದ್ಯಸಂಖ್ಯೆಗಳು ಕೆಡುತ್ತವೆ.

ಇದಕ್ಕೂ ಹಿಂದಿನ ಪ್ರಮೇಯವೊಂದಿದೆ. ಕನ್ನಡ ಲಿಪಿಗೆ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಸ್ಥಾನವಿದ್ದಿತಾದರೂ, ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳು. ಪೇಜ್‌ಮೇಕರ್‌ನಲ್ಲಿ ಸಿದ್ಧವಾದ ಅಂಥ ಕಡತಗಳು ಇಂದಿಗೂ ಚಲಾವಣೆಯಲ್ಲಿವೆ. ಆ ಫಾಂಟುಗಳಲ್ಲಿ ಕಡತದೊಳಗೆ ಶೇಖರವಾಗುವುದು ಕನ್ನಡ ಅಕ್ಷರಗಳಲ್ಲ, ರೋಮನ್ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕೃತಿಯನ್ನು ಫಾಂಟು ಹೊದಿಸಿರುತ್ತದೆ. ಪುಟದಲ್ಲಿ ಕರ್ಣಪರ್ವ ಎಂದೇ ಕಂಡರೂ, ರೂಪರೇಖೆಯ ಅಂಕಣವು ತನ್ನದೇ ಫಾಂಟನ್ನು ಬಳಸುವುದರಿಂದ ಅಲ್ಲಿ ಹೊದಿಕೆ ಕಳಚಿಬಿದ್ದು, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೊಂದು ಕಾಣಿಸುತ್ತದೆ. ಸ್ತರವನ್ನು ಎಷ್ಟು ಸರಿಯಾಗಿ ಕೊಟ್ಟಿದ್ದರೂ ಇದು ತಪ್ಪದು. ಕಡತವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡು, ಪರಿವರ್ತನೆಯಲ್ಲಿ ನುಸುಳಿದ ದೋಷಗಳನ್ನು ತಿದ್ದಿಕೊಂಡು, ಆಮೇಲೆ ಶೀರ್ಷಿಕೆಗಳ ಕೆಲಸಕ್ಕೆ ಕೈಹಾಕುವುದು ವಿವೇಕ.

ಇನ್ನು ಶುದ್ಧ ಪಠ್ಯದ ಸಂಪಾದಕಗಳ ವಿಚಾರ. ಇತ್ತೀಚೆಗೆ ತರುಣ ಸಂಶೋಧಕರಲ್ಲಿ ಅನೇಕರು ವರ್ಡ್ ಮೊದಲಾದವುಗಳ ಆಡಂಬರವನ್ನು ತೊರೆದು, ವಿಎಸ್ ಕೋಡ್ ಅಥವಾ ಈಮ್ಯಾಕ್ಸ್‌ನಂಥ ತಂತ್ರಾಂಶಗಳಲ್ಲಿ ಬರಿಯ ಅಕ್ಷರಗಳನ್ನಷ್ಟೇ ಬರೆದಿಡುವ ಪದ್ಧತಿಗೆ ತಿರುಗಿದ್ದಾರೆ. 2004ರಲ್ಲಿ ಜಾನ್ ಗ್ರೂಬರ್ ಎಂಬಾತ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಲೇಖನಕ್ರಮ ಇವರಿಗೆ ಬಹಳ ಪ್ರಿಯ. ಅದರಲ್ಲಿ ಸಾಲಿನ ಆದಿಯಲ್ಲಿ # ಎಂಬ ಚಿಹ್ನೆಯನ್ನಿಟ್ಟು, ಒಂದು ತೆರಪು ಬಿಟ್ಟು ಬರೆದುದೆಲ್ಲ ಶೀರ್ಷಿಕೆ. ಚಿಹ್ನೆಗಳೆಷ್ಟೋ ಅಷ್ಟನೆಯ ಸ್ತರ, ಆರರವರೆಗೆ. ‘# ಕರ್ಣಪರ್ವ’, ‘## ಹದಿನಾರನೆಯ ಸಂಧಿ’, ‘### ಸೂಚನೆ’ ಎಂದು ಬರೆದರೆ ವಿಎಸ್ ಕೋಡ್‌ನ ‘ಔಟ್‌ಲೈನ್’ ಅಂಕಣದಲ್ಲಿ ಮೂರೂ ಒಂದರೊಳಗೊಂದು ಅಡಕವಾಗಿ ಕಾಣುತ್ತವೆ. ತೆರಪನ್ನು ಮರೆತರೆ ಅದು ಶೀರ್ಷಿಕೆಯಾಗದು. ಇದಕ್ಕೆ ವಿಪರೀತವಾದ ಪ್ರಮಾದವೂ ಉಂಟು: ಪದ್ಯದಿಂದ ಪದ್ಯವನ್ನು ಬೇರ್ಪಡಿಸಲೆಂದು ಕೊನೆಯ ಸಾಲಿಗೆ ತಾಗಿಕೊಂಡಂತೆ --- ಎಂದು ಗೆರೆಯೆಳೆದರೆ, ಮಾರ್ಕ್‌ಡೌನ್ ಆ ಗೆರೆಯನ್ನು ಮೇಲಿನ ಪಠ್ಯಕ್ಕೆ ಕೊಟ್ಟ ಎರಡನೆಯ ಸ್ತರದ ಶೀರ್ಷಿಕೆಯ ಗುರುತೆಂದು ತಿಳಿದುಕೊಳ್ಳುತ್ತದೆ, ಭಾಮಿನಿ ಷಟ್ಪದಿಯ ಆರು ಪಾದಗಳೂ ಶೀರ್ಷಿಕೆಯ ಪದವಿಗೇರಿ ರೂಪರೇಖೆಯನ್ನು ತುಂಬಿಬಿಡುತ್ತವೆ. ಗೆರೆಯ ಮೇಲೆ ಒಂದು ಖಾಲಿ ಸಾಲು ಬಿಡುವುದೇ ಪರಿಹಾರ.

# ಚಿಹ್ನೆ ಕಾವ್ಯದ ಮಧ್ಯೆ ಕಣ್ಣಿಗೆ ಚುಚ್ಚುತ್ತದೆಂದು, ತಮ್ಮ ಪದಗಳನ್ನೇ ಗಣಕ ಶೀರ್ಷಿಕೆಯೆಂದು ಒಪ್ಪಬೇಕೆಂದು ಹಟ ಹಿಡಿಯುವವರಿಗೆ ಈಮ್ಯಾಕ್ಸ್ ತಕ್ಕುದಾದ ತಂತ್ರಾಂಶ. ಅದರ ‘ಔಟ್‌ಲೈನ್’ ವಿಧಾನವು ಸಹಜವಾಗಿ ನಕ್ಷತ್ರಚಿಹ್ನೆಗಳಿಂದ ಆರಂಭವಾಗುವ ಸಾಲುಗಳನ್ನು ಶೀರ್ಷಿಕೆಗಳೆಂದು ಎಣಿಸುತ್ತದೆಯಾದರೂ, ‘ಔಟ್‌ಲೈನ್-ರೆಗೆಕ್ಸ್‌ಪ್’ ಎಂಬ ಚರಾಂಶಕ್ಕೆ ‘ಪರ್ವ\|ಸಂಧಿ’ ಎಂಬ ವಿನ್ಯಾಸವನ್ನು ಕೊಟ್ಟರೆ, ಆ ಪದಗಳಿಂದ ಆರಂಭವಾಗುವ ಸಾಲುಗಳನ್ನು ಹಿಡಿಯತೊಡಗುತ್ತದೆ. (ಆರಂಭದ ಕಡತದಲ್ಲಿ ಉದ್ಧರಣಚಿಹ್ನೆಗಳೊಳಗೆ ಬರೆಯುವಾಗ ಓರೆಗೆರೆಯನ್ನು ಎರಡು ಸಲ ಬರೆಯಬೇಕು.) ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ಕೌತುಕ ಎದುರಾಗುತ್ತದೆ. ಯಾವ ಶೀರ್ಷಿಕೆ ಯಾವ ಸ್ತರದ್ದು ಎಂಬುದನ್ನು ಈಮ್ಯಾಕ್ಸ್ ನಿರ್ಧರಿಸುವುದು, ವಿನ್ಯಾಸಕ್ಕೆ ಹೊಂದಿದ ಭಾಗದ ಉದ್ದದಿಂದ: ಒಂದು ನಕ್ಷತ್ರಕ್ಕೆ ಒಂದನೆಯ ಸ್ತರ, ಎರಡಕ್ಕೆ ಎರಡನೆಯದು. ಕನ್ನಡ ಪದವನ್ನು ಅಳೆಯುವಾಗ ಅದು ನಾವು ಎಣಿಸುವ ಅಕ್ಷರಗಳನ್ನು ಎಣಿಸದೆ ಯೂನಿಕೋಡಿನ ಘಟಕಗಳನ್ನು ಎಣಿಸುತ್ತದೆ. ಪರ್ವ ಎಂಬುದರಲ್ಲಿ ಪಕಾರ, ರಕಾರ, ವಿರಾಮ, ವಕಾರವೆಂದು 4 ಘಟಕಗಳು. ಸಂಧಿ ಎಂಬುದರಲ್ಲಿ ಸಕಾರ, ಅನುಸ್ವಾರ, ಧಕಾರ, ಇಕಾರದ ಗುಣಿತವೆಂದು 4. ಉದ್ದ ಸಮನಾದುದರಿಂದ ಪರ್ವವೂ ಸಂಧಿಯೂ ಸಮಾನಸ್ಕಂಧರಾಗಿ, ಸಂಧಿಗಳು ಪರ್ವದೊಳಗೆ ಅಡಗದೆ ಪಕ್ಕದಲ್ಲಿ ನಿಲ್ಲುತ್ತವೆ. ಆಶ್ವಾಸಕ್ಕಾದರೆ 6 ಘಟಕಗಳು. ಅದು ಸಂಧಿಗಿಂತ ಕೆಳಗಿನ ಸ್ತರಕ್ಕೆ ಇಳಿಯುತ್ತದೆ.

ಇದನ್ನು ಸರಿಪಡಿಸಲು ‘ಔಟ್‌ಲೈನ್-ಹೆಡಿಂಗ್-ಎಲಿಸ್ಟ್’ ಎಂಬ ಇನ್ನೊಂದು ಚರಾಂಶವಿದೆ. ಅದಕ್ಕೆ

(("ಪರ್ವ" . 1) ("ಸಂಧಿ" . 2))

ಎಂಬ ಪಟ್ಟಿಯನ್ನು ಕೊಟ್ಟರೆ ಈಮ್ಯಾಕ್ಸ್ ಉದ್ದವನ್ನು ಅಳೆಯುವ ಮೊದಲು ಈ ಪಟ್ಟಿಯನ್ನು ನೋಡಿ, ಇಲ್ಲಿ ಹೇಳಿದ ಸ್ತರವನ್ನೇ ಅಂಗೀಕರಿಸುತ್ತದೆ. ಹೊಂದಿದ ಭಾಗವೂ ಪಟ್ಟಿಯ ಪದವೂ ಅಕ್ಷರಶಃ ಒಂದೇ ಆಗಿರಬೇಕೆಂಬುದು ಇದರ ನಿಯಮ. ಆದ ಕಾರಣ ವಿನ್ಯಾಸದಲ್ಲಿ ಅಂಕೆಗಳನ್ನು ಸೇರಿಸಬಾರದು. ಪದ್ಯದ ಪಾದವೊಂದು ಅಕಸ್ಮಾತ್ತಾಗಿ ‘ಸಂಧಿ’ ಎಂದೇ ಆರಂಭವಾದೀತೆಂಬ ಭಯವಿದ್ದರೆ ‘@ಸಂಧಿ’ ಎಂಬಂತೆ ಒಂದು ಚಿಹ್ನೆಯನ್ನು ವಿನ್ಯಾಸಕ್ಕೂ ಪಟ್ಟಿಗೂ ಕಡತಕ್ಕೂ ಸೇರಿಸಿಕೊಳ್ಳಬಹುದು.

ಈ ಬಗೆಯ ಎಲ್ಲ ಸಾಧನಗಳೂ ಸಾಲಿನ ಆದಿಯನ್ನು ನೋಡುವುದಕ್ಕೆ ಅಭ್ಯಾಸಗೊಂಡಿವೆ. ಕನ್ನಡದ ಶೀರ್ಷಿಕೆಯಲ್ಲಿ ವಿಭಾಗದ ಹೆಸರು ಬರುವುದು ಸಾಮಾನ್ಯವಾಗಿ ಅಂತ್ಯದಲ್ಲಿ. ಕರ್ಣಪರ್ವ, ಮೂರನೆಯ ಸಂಧಿ, ಪ್ರಥಮಾಶ್ವಾಸ ಎನ್ನುತ್ತೇವೆ. ಈಮ್ಯಾಕ್ಸ್‌ನಲ್ಲಿ ‘.*ಸಂಧಿ$’ ಎಂದು ವಿನ್ಯಾಸ ಕೊಟ್ಟು ಇವುಗಳನ್ನು ಹಿಡಿಯಬಹುದಾದರೂ, ಸಂಖ್ಯಾವಾಚಕಗಳ ಉದ್ದ ಒಂದೊಂದೂ ಬೇರೆಯಾದುದರಿಂದ ಪ್ರತಿಯೊಂದು ಸಂಧಿಯೂ ತನ್ನದೇ ಸ್ತರಕ್ಕೆ ಹಾರಿ ರೂಪರೇಖೆ ಅಸ್ತವ್ಯಸ್ತವಾಗುತ್ತದೆ. ಇಂಥಲ್ಲಿ ಹಟವನ್ನು ಬಿಟ್ಟು ಕಡತದಲ್ಲಿ ‘ಸಂಧಿ 3’ ಎಂದು ಬರೆದಿಟ್ಟುಕೊಂಡು, ಮುದ್ರಣಕಾಲದಲ್ಲಿ ‘ಮೂರನೆಯ ಸಂಧಿ’ ಎಂದು ಬದಲಿಸುವುದು ಸುಖಕರವಾದ ಮಾರ್ಗವೆಂದು ನನ್ನ ಅಭಿಪ್ರಾಯ.

ಚಂಪೂಕಾವ್ಯಗಳ ಸಂಪಾದಕರ ಕಷ್ಟ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಆಶ್ವಾಸದ ಹೆಸರು ಬರುವುದು ಆಶ್ವಾಸ ಮುಗಿದ ಮೇಲಣ ಸಮಾಪ್ತಿಗದ್ಯದಲ್ಲಿ. ಓಲೆಗರಿಯಲ್ಲಿ ಸ್ಥಳವನ್ನು ವ್ಯರ್ಥಮಾಡದೆ ಒಂದೇ ಸಮನೆ ಬರೆದುಕೊಂಡು ಹೋಗುತ್ತಿದ್ದ ಲಿಪಿಕಾರನಿಗೆ ಅದೇ ಸಾಕಾಗಿತ್ತು. ಆ ಗದ್ಯಕ್ಕೆ ಸ್ತರ ಕೊಟ್ಟರೆ ರೂಪರೇಖೆಯಲ್ಲಿ ‘ಪ್ರಥಮಾಶ್ವಾಸ’ವನ್ನು ಒತ್ತಿದವನು ಎರಡನೆಯ ಆಶ್ವಾಸದ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾನೆ. ಸಂಪಾದಕನು ಆಶ್ವಾಸದ ಆದಿಯಲ್ಲಿ ತನ್ನದಾದ ಶೀರ್ಷಿಕೆಯೊಂದನ್ನು ಚೌಕ ಆವರಣದಲ್ಲಿ ಸೇರಿಸಿ, ಅದಕ್ಕೆ ಮಾತ್ರ ಸ್ತರವನ್ನು ಕೊಟ್ಟು, ಸಮಾಪ್ತಿಗದ್ಯವನ್ನು ಸಾಮಾನ್ಯ ಪಠ್ಯವಾಗಿಯೇ ಉಳಿಸತಕ್ಕದ್ದು. ಆವರಣದಿಂದ ಅದು ಕವಿಯದಲ್ಲವೆಂಬುದೂ ಓದುಗನಿಗೆ ತಿಳಿಯುತ್ತದೆ.

ಲೇಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಬಳಸುವವರು ಸ್ವಲ್ಪಮಂದಿಯಾದುದರಿಂದ ಅವರಿಗೆ ಎರಡೇ ಮಾತು. ತಾವೇ ನಿರ್ಮಿಸಿಕೊಂಡ ‘ಸಂಧಿ’ ಎಂಬ ಆಜ್ಞೆಯೊಳಗೆ ‘ಸೆಕ್ಷನ್’ ಎಂಬ ಮೂಲ ಆಜ್ಞೆ ಅಡಗಿದ್ದರೂ ಸಂಪಾದಕ ತಂತ್ರಾಂಶ ಅದನ್ನು ಬಿಡಿಸಿ ನೋಡುವುದಿಲ್ಲ, ಕಡತದ ಸಾಲುಗಳನ್ನು ಮೇಲ್ನೋಟಕ್ಕೆ ಓದಿಕೊಂಡು ಹೋಗುತ್ತದೆ. ಆದುದರಿಂದ ವಿಎಸ್ ಕೋಡ್‌ನ ಲೇಟೆಕ್ ವರ್ಕ್‌ಶಾಪ್ ಎಂಬ ಜೋಡಣೆಯ ಸಂಯೋಜನೆಗಳಲ್ಲಿ, ರೂಪರೇಖೆಯ ವಿಭಾಗಗಳ ಪಟ್ಟಿಯೊಳಗೆ ತಮ್ಮ ಆಜ್ಞೆಯ ಹೆಸರನ್ನು ಯೋಗ್ಯವಾದ ಸ್ಥಾನದಲ್ಲಿ ಸೇರಿಸಬೇಕು. ಪಿಡಿಎಫ್ ಕಡತದ ಪಕ್ಕದಲ್ಲಿ ಕಾಣುವ ಪುಟಗುರುತುಗಳ ಪಟ್ಟಿ ಇದಕ್ಕೆ ಸಂಬಂಧಪಟ್ಟುದಲ್ಲ. ಅದು ಆಜ್ಞೆಗಳೆಲ್ಲ ನಡೆದ ಮೇಲೆ ಹುಟ್ಟುವಂಥದು, ಒಂದು ಸರಿಯಿದ್ದಾಗ ಇನ್ನೊಂದು ತಪ್ಪಿರಬಹುದು.

ಕೆಲಸ ಮುಗಿಯಿತೆಂದು ತೋರಿದಾಗ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕುಮಾರವ್ಯಾಸನ ಪ್ರಚಲಿತ ಪಾಠದಂತೆ ಆದಿಪರ್ವದಲ್ಲಿ 20, ಸಭಾಪರ್ವದಲ್ಲಿ 16, ಅರಣ್ಯಪರ್ವದಲ್ಲಿ 23, ವಿರಾಟಪರ್ವದಲ್ಲಿ 10, ಉದ್ಯೋಗಪರ್ವದಲ್ಲಿ 11, ಭೀಷ್ಮಪರ್ವದಲ್ಲಿ 10, ದ್ರೋಣಪರ್ವದಲ್ಲಿ 19, ಕರ್ಣಪರ್ವದಲ್ಲಿ 27, ಶಲ್ಯಪರ್ವದಲ್ಲಿ 3, ಗದಾಪರ್ವದಲ್ಲಿ 13 ಸಂಧಿಗಳು ಕಾಣಬೇಕು. ಒಂದು ಕಡಮೆಯಾದರೆ ಯಾವ ಪರ್ವದಲ್ಲೆಂಬುದು ಕೂಡಲೆ ಗೊತ್ತಾಗುತ್ತದೆ. ಅಲ್ಲಿ ಸಂಖ್ಯೆ ಜಿಗಿದಿರುವೆಡೆಯಲ್ಲಿ ಸೊನ್ನೆಯೋ ತೆರಪೋ ಚೌಕಟ್ಟೋ ಇದ್ದೇ ಇರುತ್ತದೆ. ಒಂದು ಹೆಚ್ಚಾದರೆ, ವ್ಯಾಖ್ಯಾನದ ಸಾಲೊಂದು ಶೀರ್ಷಿಕೆಯ ವೇಷ ಧರಿಸಿದೆಯೆಂದು ಅರ್ಥ.

ಅನಂತರ ಕಡತ ಡಿಟಿಪಿಯವರ ಕೈಸೇರುತ್ತದೆ. ಅವರು ಇನ್‌ಡಿಸೈನ್ ಬಳಸುವವರಾದರೆ, ವರ್ಡ್ ಕಡತವನ್ನು ಒಳಕ್ಕೆ ತೆಗೆದುಕೊಳ್ಳುವಾಗ ಅದರ ಒಂದೊಂದು ಶೈಲಿಯನ್ನೂ ತಮ್ಮ ಪುಟವಿನ್ಯಾಸದ ಒಂದೊಂದು ಶೈಲಿಗೆ ಜೋಡಿಸಿಕೊಳ್ಳುವ ಅನುಕೂಲವಿದೆ. ಪರಿವಿಡಿಯನ್ನೂ ಅದೇ ಶೈಲಿಗಳಿಂದ ತೆಗೆಯಬಹುದು. ‘ತಲೆಬರಹಗಳನ್ನು ನಾವೇ ನೋಡಿ ದಪ್ಪ ಮಾಡಿಕೊಳ್ಳುತ್ತೇವೆ ಬಿಡಿ ಸಾರ್’ ಎಂದು ಅವರು ಹೇಳುವುದುಂಟು. ಒಪ್ಪಬಾರದು. ಪರ್ವ, ಸಂಧಿ, ಸೂಚನೆ ಎಂಬ ಶೈಲಿಗಳ ಹೆಸರು, ಅವುಗಳ ಸ್ತರ, ಪ್ರತಿಯೊಂದೂ ಎಷ್ಟು ಸಲ ಬರುತ್ತದೆಂಬ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಡತದ ಜೊತೆಯಲ್ಲಿಯೇ ಅವರ ಕೈಗೆ ಕೊಟ್ಟು, ಮೊದಲ ಕರಡಿನೊಡನೆ ಆ ಹಾಳೆಯನ್ನೂ ಹಿಂದಿರುಗಿಸುವಂತೆ ಹೇಳಿ ಬರಬೇಕು.